ಮಾದೇವಿಯ ಗಂಟು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಕ್ಕುಬಿಡುತ್ತಿದ್ದವಳು ನಾನು. ಗಾಳಿ ಸೋಕಿತು, ಮೈಮೇಲೆ ಬಂತು, ಸತ್ತವರು ಕನಸಿನಲ್ಲಿ ಬಂದು ನೀರು ಕೇಳಿದರು ಎನ್ನುವ ಮಾತುಗಳಿಗೆ ನಮ್ಮ ಕಡೆ ಬರವಿಲ್ಲ. ಪಿಯುಸಿ ಓದಿದ್ದೇನೆ ಎಂಬ ಸೊಕ್ಕೂ ಸ್ವಲ್ಪ ಇತ್ತೆನ್ನಿ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ, ನಾಚಿಕೆಯಾಗುತ್ತದೆ. ನೀವು ನಂಬಲೇಬೇಕೆಂದಿಲ್ಲ. ನಡೆದದ್ದನ್ನು ನಡೆದ ಹಾಗೆ, ನನ್ನ ಹೊಟ್ಟೆಕಿಚ್ಚನ್ನೂ ಸೇರಿಸಿಯೇ ಹೇಳುತ್ತೇನೆ. ಅದನ್ನು ಬಿಟ್ಟರೆ ಇಲ್ಲಿ ಹೇಳಲು ಏನೂ ಉಳಿಯುವುದಿಲ್ಲ.

ನಮ್ಮದು ಕುಮಟಾದ ಹತ್ತಿರ ಹೊಳನಗದ್ದೆ. ಭತ್ತ ಕೊಯ್ದ ಗದ್ದೆಯಲ್ಲೇ ಸಿಹಿ ಈರುಳ್ಳಿ ಹಾಕುತ್ತೇವೆ. ಬೇಸಿಗೆಯಲ್ಲಿ ಅದನ್ನು ಕಿತ್ತು, ಸೊಪ್ಪು ಸಮೇತ ಒಣಗಿಸಿ, ಜಡೆಯಂತೆ ಹೆಣೆದು, ಹೆದ್ದಾರಿಯ ಬದಿಗೆ ಬಿದಿರಿನ ಗಳ ಕಟ್ಟಿ ತೂಗುಹಾಕಿ ಮಾರುತ್ತೇವೆ. ಹೆಣೆಯುವುದು ಹೆಂಗಸರ ಕೆಲಸ. ಎಲ್ಲರೂ ಗೊಂಚಲಿನ ಕೊನೆಗೆ ಒದ್ದೆ ಬಾಳೆನಾರು ಸುತ್ತಿ ಬಿಗಿಯುತ್ತಾರೆ. ಮಾದೇವಿ ಒಬ್ಬಳೇ ನಾರು ಮುಟ್ಟುತ್ತಿರಲಿಲ್ಲ. ಈರುಳ್ಳಿಯ ಸೊಪ್ಪನ್ನೇ ಒಳಗೆ ಮಡಚಿ, ಎಡಕ್ಕೆ ತಿರುವಿ, ಚಪ್ಪಟೆಯಾದ ಒಂದು ಗಂಟು ಹಾಕುತ್ತಿದ್ದಳು. ಅವಳ ಗೊಂಚಲು ಮಳೆಗಾಲ ಪೂರ್ತಿ ತೂಗಿದರೂ ಒಂದು ಗಡ್ಡೆ ಉದುರುತ್ತಿರಲಿಲ್ಲ.

ಮಾದೇವಿ ನನ್ನ ಗೆಳತಿ. ಇಬ್ಬರೂ ಒಂದೇ ವರ್ಷ ಮದುವೆಯಾಗಿ ಈ ಊರಿಗೆ ಬಂದವರು. ಅವಳು ಮಂಕಿಯವಳು, ನಾನು ಬೆಳಕೆಯವಳು. ಅವಳು ಏಳನೇ ಇಯತ್ತೆಗೇ ಶಾಲೆ ಬಿಟ್ಟವಳು. ಆದರೆ ಕಾರುಗಳು ನಿಲ್ಲುತ್ತಿದ್ದದ್ದು ಅವಳ ಗಳದ ಮುಂದೆ. ಹೋಗಲಿ, ಊರವರ ಮಾತು ಬಿಡಿ, ನಮ್ಮ ಅಡುಗೆಮನೆಯ ಒಲೆಯ ಮೇಲೆ ನನ್ನ ಅತ್ತೆ ತೂಗುಹಾಕಿಕೊಂಡದ್ದೂ ಅವಳ ಗೊಂಚಲನ್ನೇ. ದಿನಾ ಅನ್ನಕ್ಕೆ ನೀರಿಡುವಾಗ ಅದು ನನ್ನ ತಲೆಗೆ ತಾಗುತ್ತಿತ್ತು.

"ಕಲ್ಸೇ ಮಾರಾಯ್ತಿ" ಎಂದು ಎಷ್ಟೋ ಸಲ ಕೇಳಿದ್ದೇನೆ. ಕೊನೆಯ ಗಂಟು ಹಾಕುವಾಗ ಬೇಕೆಂದೇ ನನಗೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. "ನೋಡಿ ಕಲಿಯೂದಲ್ಲ ಇದು. ಕೈಗೇ ಬರ್ಬೇಕು. ನಿಂಗೂ ಬತ್ತದೆ, ತಡಿ" ಎಂದು ನಗುತ್ತಿದ್ದಳು. ಒಮ್ಮೆ ಅತ್ತೆ ಇಲ್ಲದ ಹೊತ್ತಿನಲ್ಲಿ ಒಲೆಯ ಮೇಲಿನ ಗೊಂಚಲನ್ನು ಇಳಿಸಿ ಬಿಚ್ಚಿ ನೋಡಿದೆ. ಎಲ್ಲಿ ಶುರು, ಎಲ್ಲಿ ಕೊನೆ ಎಂದು ಗೊತ್ತಾಗುವ ಮೊದಲೇ ಗಂಟು ಕಳಚಿ ಈರುಳ್ಳಿಗಳು ನೆಲದ ತುಂಬಾ ಉರುಳಿದವು. ಅತ್ತೆಗೆ ಬೆಕ್ಕು ಬೀಳಿಸಿತು ಎಂದು ಹೇಳಿದೆ.

ಅವಳು ಕೆಟ್ಟವಳಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ನನಗೆ ಟೈಫಾಯ್ಡ್ ಆದಾಗ ನನ್ನ ಈರುಳ್ಳಿ ಮಡಿಗಳಿಗೆ ಹದಿನೈದು ದಿನ ನೀರು ಹೊಯ್ದವಳು ಅವಳು. ಅತ್ತೆ ಅದನ್ನೂ ಬಂದವರಿಗೆಲ್ಲ ಹೇಳಿದರು. ಮಲಗಿದಲ್ಲೇ ಕೇಳಿಸಿಕೊಂಡು ನನಗೆ ಕಣ್ಣೀರು ಬಂತು. ಕೃತಜ್ಞತೆಯೂ ಇತ್ತು, ಆದರೆ ಸಿಟ್ಟೇ ಹೆಚ್ಚು.

ಹೆದ್ದಾರಿಯಲ್ಲಿ ನಮಗೆ ಒಂದು ಪದ್ಧತಿ ಇದೆ. ಯಾರ ಗಳ ಎಲ್ಲಿ ನೆಟ್ಟಿದೆಯೋ ಅದು ಅವರ ಜಾಗ. ಬರೆದಿಟ್ಟದ್ದಲ್ಲ, ಆದರೆ ಯಾರೂ ಮೀರುವುದಿಲ್ಲ. ಮಾದೇವಿಯ ಜಾಗ ತಿರುವಿನ ಹತ್ತಿರ, ಗಾಡಿಗಳು ನಿಧಾನವಾಗುವಲ್ಲಿ. ನನ್ನದು ಅಲ್ಲಿಂದ ನಲವತ್ತು ಹೆಜ್ಜೆ ಆಚೆ. ಅವಳಿಗೆ ವ್ಯಾಪಾರ ಆಗುವುದು ಕೈಯಿಂದಲ್ಲ, ಜಾಗದಿಂದ ಎಂದು ಒಂದು ಬೇಸಿಗೆಯಲ್ಲಿ ನನ್ನ ತಲೆಗೆ ಹೊಕ್ಕಿತು. ಒಂದು ಬೆಳಿಗ್ಗೆ ಎಲ್ಲರಿಗಿಂತ ಮೊದಲೇ ಹೋಗಿ ನನ್ನ ಗೊಂಚಲುಗಳನ್ನು ಅವಳ ಗಳಕ್ಕೆ ತೂಗುಹಾಕಿ ಕೂತುಬಿಟ್ಟೆ.

ಅವಳು ಬಂದಾಗ ಜಗಳಕ್ಕೆ ಮಾತು ಸಿದ್ಧಮಾಡಿಟ್ಟುಕೊಂಡಿದ್ದೆ. ಅವಳು ತಲೆಯ ಮೇಲಿನ ಬುಟ್ಟಿಯನ್ನೂ ಇಳಿಸಲಿಲ್ಲ. "ಎಂತದೇ, ಇವತ್ತು ಇಲ್ಲಿ? ಆತು ಬಿಡು, ಒಂದಿನ ನೀನೇ ಕೂತ್ಕ" ಎಂದು ನಕ್ಕು, ನನ್ನ ಜಾಗಕ್ಕೆ ಹೋಗಿ ಕೂತಳು.

ಹತ್ತು ಗಂಟೆ ಆಗಿರಲಿಲ್ಲ. ತಿರುವು ದಾಟಿ ವೇಗ ಹೆಚ್ಚಿಸಿದ ಒಂದು ಲಾರಿ ಹಿಡಿತ ತಪ್ಪಿ ರಸ್ತೆಯಿಂದ ಇಳಿದು ಅವಳು ಕೂತಲ್ಲಿಗೇ ನುಗ್ಗಿತು. ಮಾದೇವಿ ಅಲ್ಲೇ ಹೋದಳು. ನನಗೆ ಒಂದು ಗೀರೂ ಆಗಲಿಲ್ಲ. ನಾವಿಬ್ಬರೂ ಮಾತಾಡಿಕೊಂಡೇ ಜಾಗ ಬದಲಾಯಿಸಿದ್ದೆವು ಎಂದು ಎಲ್ಲರೂ ತಿಳಿದರು. ನಾನು ಇಲ್ಲ ಎನ್ನಲಿಲ್ಲ. ಇವತ್ತಿನವರೆಗೂ ಯಾರಿಗೂ ಹೇಳಿಲ್ಲ.

ಆಮೇಲೆ ಒಂದು ವರ್ಷ ನಾನು ಹುಡುಕಿದ್ದು ಒಂದೇ ಪ್ರಶ್ನೆಗೆ ಉತ್ತರ. ಆ ಬೆಳಿಗ್ಗೆ ಅಲ್ಲಿಗೆ ಹೋಗಿ ಕೂತದ್ದು ನಾನೋ, ನನ್ನನ್ನು ಕೂರಿಸಿದ್ದು ಬೇರೆ ಏನೋ? ಗಂಡನ ಹತ್ತಿರ ಸುತ್ತುಬಳಸಿ ಕೇಳಿದೆ. "ಅವ್ಳ ಹಣೆಲಿ ಬರ್ದಿತ್ತು, ಹೋತು. ನೀ ಎಂತಕ್ಕೆ ತಲೆಬಿಸಿ ಮಾಡ್ಕಣ್ತೆ?" ಎಂದ. ಲೈಬ್ರರಿಯಿಂದ ತಂದು ಓದಿದ ಪುಸ್ತಕಗಳಲ್ಲಿ ಒಂದು ಎಲ್ಲವೂ ಹಣೆಬರಹ ಎಂದಿತು, ಇನ್ನೊಂದು ಅಲ್ಲ ಎಂದಿತು. ಕೊನೆಗೆ ಹೊನ್ನಾವರದ ಕಡೆಯ ಒಂದು ದೇವಸ್ಥಾನಕ್ಕೆ ಪ್ರಸಾದ ಕೇಳಲು ಹೋದೆ. ದೇವರಿಗೆ ಹೂವಿನ ಎಸಳು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಆದರೆ ಪ್ರಶ್ನೆಯನ್ನು ಭಟ್ಟರ ಮುಂದೆ, ಕೂತವರೆಲ್ಲರ ಮುಂದೆ ಬಾಯಿಬಿಟ್ಟು ಹೇಳಬೇಕು. ನನ್ನ ಸರದಿ ಬಂದಾಗ ಎದ್ದು ಬಂದುಬಿಟ್ಟೆ.

ಮುಂದಿನ ಬೇಸಿಗೆಯಲ್ಲಿ ಮತ್ತೆ ಹೆದ್ದಾರಿಗೆ ಹೋದೆ. ಮಾದೇವಿಯ ಜಾಗವನ್ನು ಎಲ್ಲರೂ ಖಾಲಿ ಬಿಟ್ಟಿದ್ದರು. ನಾನು ನನ್ನ ಹಳೆಯ ಜಾಗದಲ್ಲೇ ಕೂತೆ. ಪಕ್ಕದಲ್ಲಿ ಸಾವಿತ್ರಿ ಎನ್ನುವವಳು ಕೂರುತ್ತಿದ್ದಳು, ನಮ್ಮ ಕೇರಿಯವಳೇ.

ಇಂಥ ಅನುಭವಗಳು ರಾತ್ರಿ ಆಗುತ್ತವೆ ಎನ್ನುತ್ತಾರೆ. ನನಗೆ ಆದದ್ದು ಮಟಮಟ ಮಧ್ಯಾಹ್ನ. ಗಿರಾಕಿಗಳಿರಲಿಲ್ಲ. ಸೆಕೆ. ಈರುಳ್ಳಿಯ ರಾಶಿ ಎದುರಿಗೆ, ಒದ್ದೆ ಮಾಡಿದ ಬಾಳೆನಾರು ಮಡಿಲಲ್ಲಿ. ಹೆಣೆಯುತ್ತಾ ಅದೇ ಬೆಳಿಗ್ಗೆಯನ್ನು ಸಾವಿರದ ಒಂದನೇ ಸಲ ಯೋಚಿಸುತ್ತಿದ್ದೆ. ನಿದ್ದೆ ಬಂದಿರಲಿಲ್ಲ. ಬಸ್ಸುಗಳು ಹೋದದ್ದು ಕೇಳಿಸಿದೆ, ಸಾವಿತ್ರಿ ಫೋನಿನಲ್ಲಿ ಮಗಳನ್ನು ಗದರಿದ್ದೂ ಕೇಳಿಸಿದೆ.

ಒಂದು ಕಾರು ನಿಂತಿತು. ಇಳಿದವರು ಭಟ್ಕಳದ ಒಬ್ಬ ವಯಸ್ಸಾದ ಹೆಂಗಸು. ಪ್ರತಿವರ್ಷ ಮಾದೇವಿಯ ಹತ್ತಿರವೇ ಕೊಳ್ಳುತ್ತಿದ್ದವರು, ದುಬೈಯಲ್ಲಿರುವ ಮಗಳಿಗೆ ಕಳಿಸಲು. ಖಾಲಿ ಜಾಗವನ್ನು ನೋಡಿ, ಇತ್ತ ಬಂದು, ನನ್ನ ಪಕ್ಕದಲ್ಲಿದ್ದ ಗೊಂಚಲನ್ನು ಎತ್ತಿಕೊಂಡರು. ಅವರ ಮುಖ ಅರಳಿತು.

"ಅರೆ, ಇದು ಆ ಅಕ್ಕನ ಕೈಯ ಮಾಲು ಅಲ್ಲವಾ! ಎಲ್ಲಿ ಅವಳು?"

ನಾನು ನೋಡಿದೆ. ನನ್ನ ಪಕ್ಕದಲ್ಲಿ ಹನ್ನೊಂದು ಗೊಂಚಲುಗಳಿದ್ದವು. ಹನ್ನೊಂದಕ್ಕೂ ಆ ಗಂಟು. ಸೊಪ್ಪು ಒಳಗೆ ಮಡಚಿ, ಎಡಕ್ಕೆ ತಿರುವಿದ ಚಪ್ಪಟೆ ಗಂಟು. ಮಡಿಲಲ್ಲಿದ್ದ ನಾರು ಇಟ್ಟ ಹಾಗೇ ಇತ್ತು, ಒಂದು ಎಳೆಯೂ ಕಮ್ಮಿಯಾಗಿರಲಿಲ್ಲ.

ನಿಜ ಹೇಳುತ್ತೇನೆ, ಮೊದಲು ಬಂದದ್ದು ಹೆದರಿಕೆಯಲ್ಲ. ಸತ್ತ ಮೇಲೂ ಇವಳದ್ದೇ ಆಯಿತಲ್ಲ ಎಂಬ ಉರಿ. ನನ್ನ ಗದ್ದೆಯ ಈರುಳ್ಳಿ, ನನ್ನ ಹತ್ತು ಬೆರಳು, ಹೆಸರು ಮಾತ್ರ ಅವಳದ್ದು. ಅವಳು ತೀರಿಕೊಂಡಳು ಎಂದು ಹೇಳಬೇಕಾದ ಬಾಯಿ ಬೇರೆಯೇ ಹೇಳಿತು.

"ನಾನೇ ಕಟ್ಟಿದ್ದು" ಎಂದೆ.

ಅವರು ದುಡ್ಡು ಎಣಿಸಿಕೊಟ್ಟು ಹನ್ನೊಂದನ್ನೂ ತೆಗೆದುಕೊಂಡು ಹೋದರು. ಕಾರು ಹೋದ ಮೇಲೆ ಸಾವಿತ್ರಿಯನ್ನು ಕೂಗಿ, ಇಲ್ಲಿ ಯಾರಾದರೂ ಬಂದಿದ್ದರಾ ಎಂದು ಕೇಳಿದೆ.

"ಯಾರ್ ಬತ್ರು? ನೀನೇ ಹೆಣಿತಾ ಇದ್ದೆ, ನಾ ನೋಡ್ತಾನೇ ಇದ್ದೆ" ಎಂದಳು ಅವಳು. "ಆದ್ರೆ ನಂಗೆ ಎಂತಕ್ಕೆ ಬೆನ್ನು ಹಾಕ್ಕಂಡು ಕೂತಿದ್ದೆ?"

ಅವತ್ತು ಸಂಜೆಯವರೆಗೂ ಆ ಗಂಟಿಗಾಗಿ ಒದ್ದಾಡಿದೆ. ಬರಲಿಲ್ಲ. ಮರುದಿನವೂ ಇಲ್ಲ, ಈ ಐದಾರು ವರ್ಷಗಳಲ್ಲಿ ಒಮ್ಮೆಯೂ ಇಲ್ಲ. ನೋಡಿ ನೋಡಿ ಕೈ ತಾನಾಗಿ ಕಲಿತಿರಬೇಕು ಎಂದು ನಮ್ಮ ಮನೆಗೆ ಬಂದಿದ್ದ ಮೇಷ್ಟ್ರೊಬ್ಬರು ಹೇಳಿದರು. ಆದರೆ ಅವಳು ಆ ಗಂಟು ಹಾಕುವುದನ್ನು ನಾನು ನೋಡಿಯೇ ಇರಲಿಲ್ಲವಲ್ಲ.

ಮೊದಮೊದಲು ಇದರಲ್ಲೇ ಒಂದು ಸಮಾಧಾನ ಕಂಡಿದ್ದೆ. ನನಗೆ ಗೊತ್ತಿಲ್ಲದೆ ನನ್ನ ಕೈ ಹನ್ನೊಂದು ಗೊಂಚಲು ಹೆಣೆಯಬಹುದಾದರೆ, ಆ ಬೆಳಿಗ್ಗೆ ನನ್ನ ಕಾಲೂ ಹಾಗೆಯೇ ನಡೆದು ಹೋಗಿರಬಹುದಲ್ಲ. ಆಗ ತಪ್ಪು ನನ್ನದಲ್ಲ. ಹಾಗೆಂದುಕೊಂಡು ಕೆಲವು ದಿನ ಚೆನ್ನಾಗಿ ಊಟ ಮಾಡಿದೆ, ಮಲಗಿದೆ.

ಆದರೆ ಹಾಗೆ ಒಪ್ಪಬೇಕಾದರೆ ಆ ಹನ್ನೊಂದು ಗೊಂಚಲುಗಳನ್ನು ಮಾದೇವಿಗೆ ಬಿಟ್ಟುಕೊಡಬೇಕು. ಅವು ನನ್ನವಲ್ಲ ಎನ್ನಬೇಕು. ಎಷ್ಟೋ ಸಲ ಒಬ್ಬಳೇ ಕೂತು ಹೇಳಲು ನೋಡಿದ್ದೇನೆ. ಆಗುವುದಿಲ್ಲ. ಜೀವಮಾನದಲ್ಲಿ ಅಷ್ಟು ಚಂದವಾಗಿ ಹೆಣೆದದ್ದು ಅದೊಂದೇ ದಿನ. ಯಾರು ಕಟ್ಟಿದ್ದು ಎಂದು ಈಗ ನೀವು ಕೇಳಿದರೂ ನಾನೇ ಎನ್ನುತ್ತೇನೆ, ಹಾಗೆ ಎಂದ ಕೂಡಲೇ ಅವಳ ಜಾಗದಲ್ಲಿ ಹೋಗಿ ಕೂತವಳೂ ನಾನೇ ಆಗುತ್ತೇನೆ.