ಹೊಂಗೆ ಎಣ್ಣೆಯ ಕ್ಯಾಪ್ಟನ್

ಹೋದ ವಾರ ನನ್ನ ಮೊಮ್ಮಗಳು ಶಿರಾಳಕೊಪ್ಪದ ಸಂತೆಯಿಂದ ಒಂದು ಬಾಟಲಿ ಹೊಂಗೆ ಎಣ್ಣೆ ತಂದಳು. ನನ್ನ ಮೊಣಕಾಲುಗಳು ನನ್ನ ಮಾತು ಕೇಳುವುದನ್ನು ಬಿಟ್ಟು ಬಹಳ ಕಾಲವಾಯಿತು. ಡಾಕ್ಟರು ಬರೆದುಕೊಟ್ಟ ಮುಲಾಮುಗಳೆಲ್ಲ ಸೋತ ಮೇಲೆ ಯಾರೋ ಅವಳಿಗೆ ಈ ಉಪಾಯ ಹೇಳಿಕೊಟ್ಟಿದ್ದರು. ಮುಚ್ಚಳ ತೆಗೆದದ್ದೇ ತಡ, ಆ ಕಹಿ ವಾಸನೆ ಕೋಣೆಯನ್ನೆಲ್ಲ ತುಂಬಿತು. ಅವಳು ಮುಖ ಸಿಂಡರಿಸಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡಳು. ನಾನು ಮಾತ್ರ ಉಸಿರು ಎಳೆದುಕೊಂಡು ಹಾಗೇ ಕೂತೆ... ಶಿಕಾರಿಪುರದ ಕೆರೆಯಂಗಳ ಕಣ್ಣ ಮುಂದೆ ಬಂತು. ಅಲ್ಲಿ ನಮ್ಮ ಕ್ಯಾಪ್ಟನ್ ಕೈಯಲ್ಲಿ ತೆಂಗಿನ ಕರಟ ಹಿಡಿದು ಕುಕ್ಕರಗಾಲಲ್ಲಿ ಕೂತಿದ್ದ.

ಐವತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲವದು. ನಮ್ಮ ಕಾಲೇಜು ಆಗಷ್ಟೇ ಒಂದು ಬಾಡಿಗೆ ಕಟ್ಟಡದಲ್ಲಿ ಶುರುವಾಗಿತ್ತು. ಕೂರಲು ಸಾಕಷ್ಟು ಬೆಂಚುಗಳಿರಲಿಲ್ಲ, ಓದಲು ಪುಸ್ತಕಗಳಿರಲಿಲ್ಲ, ಆದರೆ ಒಂದು ಫುಟ್‌ಬಾಲ್ ತಂಡವಿತ್ತು. ಅದು ನಮ್ಮ ಡ್ರಿಲ್ ಮೇಷ್ಟ್ರ ಹಠ. ನೀರಿಳಿದ ಮೇಲೆ ಕೆರೆಯಂಗಳವೇ ನಮ್ಮ ಮೈದಾನ. ಬೂಟು ಎಂಬುದನ್ನು ನಾವು ಬೇರೆಯವರ ಕಾಲಲ್ಲಿ ನೋಡಿದ್ದೆವು, ಅಷ್ಟೇ. ಬರಿಗಾಲಲ್ಲಿ ಆಡುತ್ತಿದ್ದೆವು, ಹಿಮ್ಮಡಿ ಒಡೆದುಕೊಳ್ಳುತ್ತಿದ್ದೆವು, ಮನೆಯಲ್ಲಿ ಬೈಸಿಕೊಳ್ಳುತ್ತಿದ್ದೆವು. ನನ್ನಪ್ಪ ಜವಳಿ ಅಂಗಡಿಯವರು. ಮಗ ಚೆಂಡು ಒದೆಯಲು ಕಾಲೇಜಿಗೆ ಹೋಗುತ್ತಿದ್ದಾನೆ ಎಂದು ಬಂದ ಗಿರಾಕಿಗಳಿಗೆಲ್ಲ ಹೇಳಿ ನನ್ನ ಮಾನ ಕಳೆಯುತ್ತಿದ್ದರು.

ಕ್ಯಾಪ್ಟನ್ ಸೊರಬ ತಾಲ್ಲೂಕಿನವನು. ಕ್ಯಾಸನೂರಿನ ಕಡೆ, ಕಾಡಿಗೆ ಬೆನ್ನು ಕೊಟ್ಟು ಕೂತ ಒಂದು ಹಳ್ಳಿ ಅವನದು. ಆ ಹಳ್ಳಿಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ಅವನೇ ಮೊದಲನೆಯವನು. ಅಪ್ಪ ಇರಲಿಲ್ಲ. ಶಿಕಾರಿಪುರದಲ್ಲಿ ಒಂದು ಸಣ್ಣ ಕೋಣೆ ಹಿಡಿದು, ಕೈಯಡುಗೆ ಮಾಡಿಕೊಂಡು ಓದುತ್ತಿದ್ದ. ನಮಗಿಂತ ಎರಡು ವರ್ಷ ದೊಡ್ಡವನು, ಕಟ್ಟುಮಸ್ತಾದ ಆಳು. ಫುಲ್‌ಬ್ಯಾಕ್ ಜಾಗದಲ್ಲಿ ಅವನು ನಿಂತರೆ ಗೋಲ್‌ಕೀಪರನಿಗೆ ಕೆಲಸವೇ ಇರುತ್ತಿರಲಿಲ್ಲ. ಅವನ ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಎಲ್ಲರಿಗೂ ಕ್ಯಾಪ್ಟನ್, ಕೋಣೆ ಕೊಟ್ಟ ಮುದುಕಿಗೂ ಕ್ಯಾಪ್ಟನ್.

ಪ್ರತಿ ಪಂದ್ಯಕ್ಕೆ ಮುಂಚೆ ಅವನದೊಂದು ಪದ್ಧತಿಯಿತ್ತು. ಊರಿನಿಂದ ತಂದ ಹೊಂಗೆ ಎಣ್ಣೆಯನ್ನು ಕರಟದಲ್ಲಿ ಬೆಚ್ಚಗೆ ಮಾಡಿಕೊಂಡು ಬಂದು ನಮ್ಮೆಲ್ಲರ ಕಾಲಿಗೂ ತಾನೇ ತಿಕ್ಕುತ್ತಿದ್ದ. ಮೀನಖಂಡ ಹಿಡಿದುಕೊಳ್ಳುವುದಿಲ್ಲ ಎನ್ನುತ್ತಿದ್ದ. ಮೊದಮೊದಲು ನಾವು ವಾಸನೆಗೆ ಹೇಸಿ ಓಡಿಹೋಗುತ್ತಿದ್ದೆವು. ಅವನು ಅಟ್ಟಿಸಿಕೊಂಡು ಬಂದು ಕೆಡವಿ ತಿಕ್ಕುತ್ತಿದ್ದ. ಮೊದಲ ಪಂದ್ಯ ಗೆದ್ದೆವು, ಎರಡನೆಯದೂ ಗೆದ್ದೆವು. ಆಮೇಲೆ ನಾವೇ ಕಾಲು ಚಾಚಿ ಸಾಲಾಗಿ ಕೂರತೊಡಗಿದೆವು.

ಆ ವರ್ಷ ನಮಗೇನಾಗಿತ್ತೋ ಕಾಣೆ, ಮುಟ್ಟಿದ್ದೆಲ್ಲ ಗೆಲುವಾಯಿತು. ಬೂಟು ಹಾಕಿದವರನ್ನೂ ಸೋಲಿಸಿದೆವು. ಪೇಟೆಯಲ್ಲಿ ನಡೆದು ಹೋದರೆ ಹೋಟೆಲಿನವರು ಕರೆದು ಚಹಾ ಕೊಡುವಷ್ಟು ದೊಡ್ಡ ಮನುಷ್ಯರಾದೆವು. ನನ್ನಪ್ಪ ಕೂಡ ಗಿರಾಕಿಗಳ ಮುಂದೆ ವರಸೆ ಬದಲಾಯಿಸಿದರು. ಕ್ಯಾಪ್ಟನ್‌ಗೆ ಮಾತ್ರ ಇದ್ದದ್ದು ಒಂದೇ ಧ್ಯಾನ. ಊರಿಗೆ ಹೋದಾಗಲೆಲ್ಲ ಅವನ ತಾಯಿ ಕೇಳುತ್ತಿದ್ದರಂತೆ, ಇಷ್ಟು ಓಡಾಡಿ ಗೆದ್ದರೆ ಏನು ಕೊಡುತ್ತಾರೆ ಎಂದು.

"ಬೆಳ್ಳಿ ಕಪ್ಪು ಕೊಡ್ತಾರೆ ಅಮ್ಮ, ಎಲ್ಲರೆದುರಿಗೆ ಕ್ಯಾಪ್ಟನ್ ಕೈಗೇ ಕೊಡ್ತಾರೆ ಅಂದೀನಿ ಮಾರಾಯ," ಎಂದು ಒಂದು ಸಂಜೆ ನನಗೆ ಹೇಳಿದ. "ಈಗ ಅದನ್ನ ಹಿಡೀದೆ ಊರಿಗೆ ಹೋಗೂದು ಹ್ಯಾಂಗೆ?"

ಅದೇ ಬೇಸಿಗೆಯ ಮೊದಲಲ್ಲಿ ಅವನ ಊರಿನ ಕಡೆಯಿಂದ ಕೆಟ್ಟ ಸುದ್ದಿ ಬರತೊಡಗಿತ್ತು. ಕಾಡಿನಲ್ಲಿ ಮಂಗಗಳು ಸಾಯುತ್ತಿವೆ, ಹಿಂದೆಯೇ ಜನರಿಗೂ ಜ್ವರ ಬರುತ್ತಿದೆ ಎಂದು ಸಂತೆಯಿಂದ ಸಂತೆಗೆ ಮಾತು ಹರಡಿತು. ಯಾವ ಜ್ವರ, ಹೇಗೆ ಬರುತ್ತದೆ, ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಭಯ ಹೆಚ್ಚು. ಗಾಳಿಯಲ್ಲಿ ಬರುತ್ತದೆ ಎಂದರು, ಮುಟ್ಟಿದರೆ ಬರುತ್ತದೆ ಎಂದರು. ಆ ಕಡೆಯ ಜನ ಜ್ವರಕ್ಕೆ ಹೆದರಿ ಮೈಗೆಲ್ಲ ಹೊಂಗೆ ಎಣ್ಣೆ ಬಳಿದುಕೊಳ್ಳುತ್ತಾರೆ ಎಂಬುದೂ ಆ ಮಾತುಗಳಲ್ಲಿ ಒಂದು. ಅದನ್ನು ನಾವೂ ಕೇಳಿದ್ದೆವು, ಕೇಳಿ ಮರೆತಿದ್ದೆವು.

ಫೈನಲ್ ಪಂದ್ಯ ಜಿಲ್ಲಾ ಕೇಂದ್ರದಲ್ಲಿ. ಮೈದಾನದ ಮೂಲೆಯ ಮರದಡಿ ನಾವು ಎಂದಿನಂತೆ ಕಾಲು ಚಾಚಿ ಕೂತಿದ್ದೆವು, ಕ್ಯಾಪ್ಟನ್ ತಿಕ್ಕುತ್ತ ಬರುತ್ತಿದ್ದ. ಪಂದ್ಯ ನಡೆಸುವವರ ಪೈಕಿ ಒಬ್ಬರು, ಕೋಟು ಹಾಕಿದವರು, ಆ ದಾರಿಯಲ್ಲಿ ಬಂದವರು ಗಕ್ಕನೆ ನಿಂತರು. ಕರವಸ್ತ್ರ ಮೂಗಿಗೆ ಹೋಯಿತು.

"ಇದೇನ್ರೀ ವಾಸನೆ? ನೀವು ಆ ಜ್ವರದ ಕಡೆಯವರಾ?"

ನಾವು ಬಾಯಿ ತೆರೆಯುವ ಮೊದಲೇ ಕ್ಯಾಪ್ಟನ್ ಎದ್ದು ನಿಂತ. "ಇದು ಕಾಲಿಗೆ ಸ್ವಾಮಿ, ಜ್ವರಕ್ಕಲ್ಲ. ಇವರೆಲ್ಲ ಶಿಕಾರಿಪುರದವ್ರು. ಆ ಕಡೆಯವ ನಾನೊಬ್ನೇ," ಎಂದ. ಸುಳ್ಳು ಹೇಳಲು ಅವನಿಗೆ ಆಗ ತೋಚಲೇ ಇಲ್ಲ. ಅಥವಾ ಹೇಳಬೇಕಾದೀತು ಎಂದೇ ಅನಿಸಲಿಲ್ಲವೋ ಏನೋ...

ಅವರು ಹೋಗಿ ಇನ್ನೂ ಮೂವರನ್ನು ಕರೆತಂದರು. ಎದುರು ತಂಡದವರು ದೂರದಲ್ಲೇ ಗುಂಪುಗೂಡಿದರು. ಡ್ರಿಲ್ ಮೇಷ್ಟ್ರು ಕೈ ಮುಗಿದರು, ಕೂಗಾಡಿದರು, ಮತ್ತೆ ಕೈ ಮುಗಿದರು. ಹುಡುಗನ ಮೈ ಮುಟ್ಟಿ ನೋಡಿ, ಎಲ್ಲಿದೆ ಜ್ವರ ಎಂದರು. ಮುಟ್ಟಿ ನೋಡಲು ಯಾರೂ ಮುಂದೆ ಬರಲಿಲ್ಲ. ಕೊನೆಗೆ ತೀರ್ಮಾನವಾಯಿತು. ಅವನೊಬ್ಬನು ಮೈದಾನದ ಸುತ್ತ ಕಟ್ಟಿದ ಹಗ್ಗದ ಆಚೆ ನಿಂತರೆ ಪಂದ್ಯ ನಡೆಯುತ್ತದೆ, ಇಲ್ಲದಿದ್ದರೆ ಇಲ್ಲ.

"ಹಂಗಾರ ನಾವೂ ಆಡಂಗಿಲ್ರಿ ಸಾರ್," ಎಂದು ನಮ್ಮ ಸೆಂಟರ್ ಫಾರ್ವರ್ಡ್ ನೆಲಕ್ಕೆ ಕೂತುಬಿಟ್ಟ. ನಾವೆಲ್ಲ ಕೂತೆವು. ಕ್ಯಾಪ್ಟನ್‌ಗೆ ಸಿಟ್ಟು ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಏಳ್ರೋ! ನಾನಿಲ್ದಿದ್ರೂ ನೀವು ಆಡ್ಬೇಕು ಅಂತಲೇ ಅಲ್ದನಾ ಇಷ್ಟು ದಿನ ಕಲ್ಸಿದ್ದು? ಸೋತು ಬಂದ್ರೆ ನೋಡ್ಕೊಳ್ಳಿ ಮತ್ತೆ."

ಎದ್ದೆವು. ಅವನ ಜಾಗಕ್ಕೆ ಯಾವತ್ತೂ ಆಡದ ಹುಡುಗನೊಬ್ಬ ನಿಂತ. ಪಂದ್ಯದುದ್ದಕ್ಕೂ ಕ್ಯಾಪ್ಟನ್ ಹಗ್ಗದಾಚೆ ಅತ್ತಿಂದಿತ್ತ ಓಡುತ್ತ ಆ ಹುಡುಗನಿಗೆ ಕೂಗಿ ಹೇಳುತ್ತಿದ್ದ. ಎಡಕ್ಕೆ, ಬಲಕ್ಕೆ, ಬಿಡಬೇಡ, ಒದಿ. ಅವನು ಬಂದಲ್ಲೆಲ್ಲ ಪ್ರೇಕ್ಷಕರು ಸರಿದು ಜಾಗ ಬಿಡುತ್ತಿದ್ದರು. ನಾನು ರೈಟ್ ಔಟ್, ಬಲ ಅಂಚಿನಲ್ಲಿ ಓಡುವವನು. ಕೊನೆಯ ಹೊತ್ತಿನಲ್ಲಿ ನಾನು ಒಳಕ್ಕೆ ಒದ್ದ ಚೆಂಡನ್ನು ಸೆಂಟರ್ ಫಾರ್ವರ್ಡ್ ತಲೆಯಿಂದ ಗೋಲಿಗೆ ಹಾಕಿದ. ಒಂದೇ ಗೋಲು. ನಾವು ಚಾಂಪಿಯನ್ನರಾದೆವು.

ಕಪ್ಪನ್ನು ಸೆಂಟರ್ ಫಾರ್ವರ್ಡ್ ಕೈಗೆ ಕೊಟ್ಟರು. ಅವನು ಫೋಟೋಕ್ಕೂ ನಿಲ್ಲದೆ ಹಗ್ಗದ ಕಡೆ ಓಡಿದ, ನಾವು ಅವನ ಹಿಂದೆ ಓಡಿದೆವು. ಕ್ಯಾಪ್ಟನ್ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡ. ದನಿ ಪೂರ್ತಿ ಕೂತುಹೋಗಿತ್ತು.

"ಬ್ಯಾಡ ಬ್ಯಾಡ. ನಾ ಮುಟ್ಟಿದ್ದು ಕಂಡ್ರೆ ವಾಪಸ್ ಇಸ್ಕಂಡಾರು. ಆಮೇಲೆ ಹಿಡಿದ್ರಾತು, ಎಲ್ಲಿಗೆ ಹೋಗ್ತದೆ ಅದು?" ಎಂದು ನಕ್ಕ.

ವಾಪಸು ಬರುವಾಗ, ಮೇಲೆ ಗಾಳಿ ಚೆನ್ನಾಗಿರುತ್ತದೆ ಎಂದು ಹೇಳಿ ಅವನು ಬಸ್ಸಿನ ಟಾಪು ಹತ್ತಿದ. ನಾವು ಮೂವರು ಅವನ ಜೊತೆ ಹತ್ತಿದೆವು. ಕಪ್ಪು ಕೆಳಗೆ ಮೇಷ್ಟ್ರ ತೊಡೆಯ ಮೇಲಿತ್ತು. ಶಿಕಾರಿಪುರ ಮುಟ್ಟಿದೊಡನೆ ಅದನ್ನು ಪ್ರಿನ್ಸಿಪಾಲರ ಬೀರುವಿಗೆ ಸೇರಿಸಿದರು. ಬೆಳಿಗ್ಗೆ ಮೊದಲ ಬಸ್ಸಿಗೆ ಅವನು ಊರಿಗೆ ಹೊರಟ, ತಾಯಿಯೊಬ್ಬರೇ ಇದ್ದಾರೆ, ಹೇಗಿದ್ದಾರೋ ನೋಡಿ ಬರುತ್ತೇನೆ ಎಂದು. ಬಸ್ಸು ಕದಲಿದ ಮೇಲೆ ಕಿಟಕಿಯಿಂದ ತಲೆ ಹಾಕಿ, "ಒಂದಿನ ಅದ್ನ ನಮ್ಮೂರಿಗೆ ತಗಂಬರ್ರೋ, ಅಮ್ಮಂಗೆ ತೋರ್ಸೂಕೆ," ಎಂದ. ನಾನು ಅವನನ್ನು ಕಂಡದ್ದು ಅದೇ ಕೊನೆ.

ಊರಲ್ಲಿ ಕೊಟ್ಟಿಗೆಗೆ ಹಾಸಲು ಒಣಸೊಪ್ಪು ತರಲೆಂದು ದಿನವೂ ಕಾಡಿಗೆ ಹೋಗುತ್ತಿದ್ದನಂತೆ. ಜ್ವರ ಹಿಡಿಯಿತು, ಮೂಗಿನಿಂದ ರಕ್ತ ಬಂತು, ಅಷ್ಟೇ. ಶಿರಾಳಕೊಪ್ಪದ ಸಂತೆಗೆ ಬಂದಿದ್ದ ಅವನ ಊರಿನವರೊಬ್ಬರು ಯಾರಿಗೋ ಹೇಳಿ, ಅವರಿಂದ ನಮ್ಮ ಅಂಗಡಿಗೆ ಸುದ್ದಿ ಬಂತು. ಅಪ್ಪ ಕೈಯಲ್ಲಿದ್ದ ಗಜಕೋಲನ್ನು ಕೆಳಗಿಟ್ಟು ನನ್ನನ್ನು ಒಳಗೆ ಕರೆದು ಹೇಳಿದರು. ನಾನು ಬಟ್ಟೆಯ ಥಾನುಗಳ ನಡುವೆ ಕೂತು ಅತ್ತೆ. ಆ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಅಂಟುವುದಿಲ್ಲ, ಕಾಡಿನ ಉಣ್ಣೆಹುಳು ಕಚ್ಚಿದರೆ ಬರುತ್ತದೆ ಎಂಬುದು ನಮ್ಮ ಕಿವಿಗೆ ಬಿದ್ದದ್ದು ಎಷ್ಟೋ ಕಾಲದ ಮೇಲೆ. ಅಂದು ಅವನು ಮೈದಾನಕ್ಕಿಳಿದಿದ್ದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಮಳೆ ಹಿಡಿದು ಜ್ವರ ಇಳಿದ ಮೇಲೆ ಮೇಷ್ಟ್ರು ಬೀರುವಿನಿಂದ ಕಪ್ಪು ತೆಗೆಸಿದರು. ಕ್ಯಾಪ್ಟನ್ ಊರಿಗೆಂದರೆ ಎಲ್ಲರ ಮನೆಯಲ್ಲೂ ಕಳಿಸಲಿಲ್ಲ. ನಾವು ನಾಲ್ಕೈದು ಜನ ಹೋದೆವು. ಅವನ ತಾಯಿ ಜಗುಲಿಯಲ್ಲಿ ಕಂಬಳಿ ಹಾಸಿ ಕೂರಿಸಿ ಬೆಲ್ಲ, ನೀರು ಕೊಟ್ಟರು. ಮೇಷ್ಟ್ರು ಚೀಲದಿಂದ ಕಪ್ಪು ತೆಗೆದು ಎರಡೂ ಕೈಯಲ್ಲಿ ಅವರ ಮುಂದಿಟ್ಟರು. ಅವರು ಅದನ್ನು ಸೆರಗಿನಿಂದ ಒರೆಸಿದರು.

"ಇದೇ ಅಲ್ದಾ? ಹೇಳಿದ್ದ ನಂಗೆ. ಎಲ್ಲರೆದುರಿಗೆ ನನ್ ಕೈಗೇ ಕೊಟ್ರು ಅಮ್ಮ, ಎಂತಾ ಭಾರ ಅಂತೀಯ, ಎರಡೂ ಕೈ ಬೇಕಾತು ಅಂದಿದ್ದ."

ನಾವು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅವರು ಕಪ್ಪನ್ನು ಎತ್ತಿದರು. ಅದು ಬೆಳ್ಳಿಯೂ ಅಲ್ಲ, ತೆಳು ತಗಡಿಗೆ ಮೆರುಗು ಹಾಕಿದ್ದು. ಒಂದೇ ಕೈಯಲ್ಲಿ ಸಲೀಸಾಗಿ ಮೇಲೆ ಬಂತು. ಅವರು ಅದನ್ನು ಅಲ್ಲೇ ತೂಗುವಂತೆ ಹಿಡಿದು ಮೇಷ್ಟ್ರ ಕಡೆ ನೋಡಿದರು.

"ಇದು ಹಗುರ ಅದೆಯಲ್ಲ ಸ್ವಾಮಿ?"

ಸುಳ್ಳು ಹೇಳಿದ ಹುಡುಗರನ್ನು ಬಿಸಿಲಲ್ಲಿ ನಿಲ್ಲಿಸುತ್ತಿದ್ದ ಮೇಷ್ಟ್ರು, "ಅವತ್ತು ಭಾರ ಇತ್ತು ತಾಯಿ," ಎಂದರು. "ಅವನು ಎತ್ತಿದಾಗ ತುಂಬಾ ಭಾರ ಇತ್ತು."

ಆಮೇಲೆ ನಮ್ಮ ತಂಡ ಇನ್ಯಾವ ಕಪ್ಪನ್ನೂ ಗೆಲ್ಲಲಿಲ್ಲ. ಎಣ್ಣೆ ತಿಕ್ಕುವವರೂ ಇರಲಿಲ್ಲ. ಆ ಕಪ್ಪು ಯಾವ ಮೂಲೆ ಸೇರಿತೋ ಗೊತ್ತಿಲ್ಲ. ಮೇಷ್ಟ್ರು ಹೋದರು, ಸೆಂಟರ್ ಫಾರ್ವರ್ಡ್ ಹೋದ ವರ್ಷ ಹೋದ. ಆ ತಂಡದಲ್ಲಿ ಉಳಿದವನು ಬಹುಶಃ ನಾನೊಬ್ಬನೇ.

ಮೊಮ್ಮಗಳು ಮೂಗು ಮುಚ್ಚಿಕೊಂಡೇ ನನ್ನ ಮೊಣಕಾಲಿಗೆ ಎಣ್ಣೆ ತಿಕ್ಕುತ್ತಿದ್ದಳು. ನನ್ನ ಕಣ್ಣು ನೋಡಿ, ಏನಾಯಿತು ಅಜ್ಜ ಎಂದು ಕೇಳಿದಳು. ನನ್ನ ಕಾಲೇಜಿನ ತಂಡ, ನಮ್ಮ ಕ್ಯಾಪ್ಟನ್, ನಾವು ಫೈನಲ್ ಗೆದ್ದದ್ದು, ಅಷ್ಟು ಹೇಳಿದೆ. ಹಗ್ಗದ ವಿಷಯ ಬಾಯಿಗೆ ಬರಲಿಲ್ಲ.

"ಹಂಗಾದ್ರೆ ಕಪ್ಪು ನಿಮ್ ಕ್ಯಾಪ್ಟನ್ ಎತ್ತಿದ್ರಾ ಅಜ್ಜ?"

"ಹೂಂ ಕಣವ್ವ," ಎಂದೆ. "ಎರಡೂ ಕೈಯಲ್ಲಿ..."