ನಡೆಸಿಕೊಂಡು ಬಂದ ಕಾರು

ಹೋದ ದೀಪಾವಳಿಯ ಹೊತ್ತಿಗೆ ಮಾಯಕ್ಕ ಓಡಿಸಿದ್ದ ಹೊಸ ಕಾರುಗಳು ಸಾವಿರದ ನಾನೂರು ದಾಟಿದ್ದವು. ಬೆಳಗಾವಿಯ ನಮ್ಮ ಮಹಾಂತೇಶ ನಗರದಲ್ಲಿ ಮೂರು ಕಾರು ಬದಲಾಯಿಸಿದವರೇ ಬೆಳಗಿನ ವಾಕಿಂಗಿನಲ್ಲಿ ಕೇಳದವರಿಗೂ ಟೈರಿನ ಗಾಳಿಯ ಕುರಿತು ಉಪದೇಶ ಮಾಡುತ್ತಾರೆ. ಆ ಲೆಕ್ಕಕ್ಕೆ ಮಾಯಕ್ಕನಿಗೊಂದು ಪೀಠವನ್ನೇ ಕೊಡಬೇಕಿತ್ತು. ತೊಡಕು ಒಂದೇ. ಅವಳು ಯಾವ ಕಾರನ್ನೂ ಒಮ್ಮೆಗೆ ಮುನ್ನೂರು ಮೀಟರಿಗಿಂತ ದೂರ ಓಡಿಸಿರಲಿಲ್ಲ, ತಾಸಿಗೆ ಹತ್ತು ಕಿಲೋಮೀಟರಿಗಿಂತ ಜೋರಾಗಿ ಓಡಿಸಿರಲಿಲ್ಲ, ಗೇಟಿನ ಆಚೆಗಂತೂ ಒಯ್ದೇ ಇರಲಿಲ್ಲ.

ಗೇಟು ಎಂದರೆ ಖಾನಾಪುರ ರಸ್ತೆಯಲ್ಲಿ ದೇಸೂರಿನ ಆಚೆ ಇರುವ ಕಾರುಗಳ ಯಾರ್ಡಿನ ಗೇಟು. ಕಾರ್ಖಾನೆಯಿಂದ ಉದ್ದನೆಯ ಟ್ರೇಲರುಗಳಲ್ಲಿ ಬಂದ ಎಲೆಕ್ಟ್ರಿಕ್ ಕಾರುಗಳು, ಕೊಂಡವರ ವಿಮೆ, ನೋಂದಣಿ, ನಂಬರ್ ಪ್ಲೇಟು ಎಲ್ಲ ಆಗುವ ತನಕ ಇಲ್ಲಿ ಸಾಲಾಗಿ ನಿಂತಿರುತ್ತವೆ. ನಿಂತಿರುತ್ತವೆ ಎಂದು ಹೇಳುವುದು ಸುಲಭ. ಎಲೆಕ್ಟ್ರಿಕ್ ಕಾರನ್ನು ಸುಮ್ಮನೆ ನಿಲ್ಲಿಸಿಡುವುದು, ಕೆಲಸವಿಲ್ಲದ ಗಂಡಸನ್ನು ಮನೆಯಲ್ಲಿ ಕೂರಿಸಿಕೊಂಡಷ್ಟೇ ಕಷ್ಟದ್ದು. ಚಾರ್ಜು ಪೂರ್ತಿ ತುಂಬಿಸಿ ಬಿಡುವಂತಿಲ್ಲ, ಪೂರ್ತಿ ಇಳಿಯಲು ಬಿಡುವಂತಿಲ್ಲ. ಯಾವಾಗಲೂ ಅರ್ಧ ಹೊಟ್ಟೆಯಲ್ಲಿರಬೇಕು. ಟೈರು ಒಂದೇ ಕಡೆ ಒತ್ತಿ ಚಪ್ಪಟೆಯಾಗದಂತೆ ಹದಿನೈದು ದಿನಕ್ಕೊಮ್ಮೆ ಹಿಂದೆ ಮುಂದೆ ಸರಿಸಬೇಕು. ಅಷ್ಟೆಲ್ಲ ಮಾಡಿದರೂ ಬಾನೆಟ್ಟಿನ ಕೆಳಗಿರುವ ಸಣ್ಣ ಬ್ಯಾಟರಿ ಸತ್ತರೆ ಬಾಗಿಲೇ ತೆರೆಯುವುದಿಲ್ಲ.

“ದೊಡ್ಡ ಬ್ಯಾಟರಿ ಸಾವಕಾರ ಇದ್ದಂಗ್ರಿ,” ಎಂದು ಮಾಯಕ್ಕ ಹೊಸಬರಿಗೆ ಹೇಳುತ್ತಿದ್ದಳು. “ಸಣ್ಣದು ಕೀಲಿಕೈ ಇಟ್ಕೊಂಡ ಆಳು. ಆಳ ಮಕ್ಕೊಂಡ್ರ ಸಾವಕಾರ ಒಳಗ ಕುಂತ ಏನ ಮಾಡ್ತಾನ?”

ನಾಲ್ಕು ವರ್ಷದ ಹಿಂದೆ ಅವಳು ಇಲ್ಲಿಗೆ ಬಂದದ್ದು ಕಾರಿನ ಧೂಳು ಒರೆಸುವುದಕ್ಕೆ. ಗಂಡ ರಾಮಲಿಂಗ ಖಾನಾಪುರದ ಕಡೆ ಕುರಿ ಕಾಯುತ್ತಾನೆ. ಮನೆಯಲ್ಲಿ ಸಂಬಳ ಎಂಬ ಶಬ್ದವನ್ನು ಮೊದಲು ತಂದವಳು ಇವಳೇ. ಕಾರು ಸರಿಸಲು ಇದ್ದ ಡ್ರೈವರನಿಗೆ ಸಾಲಿನ ತುದಿಯವರೆಗೆ ನಡೆಯುವುದು ಬೇಸರ. “ಅಕ್ಕಾ, ಒರಸಾಕ ಹೆಂಗೂ ಹೊಕ್ಕೀರಿ, ಹಂಗ ಸ್ವಲ್ಪ ಸರಿಸಿ ಬರ್ರಿ” ಎಂದು ಕಲಿಸಿಕೊಟ್ಟ. ಗೇರಿಲ್ಲ, ಕ್ಲಚ್ಚಿಲ್ಲ, ಸದ್ದೂ ಇಲ್ಲ. ಆರು ತಿಂಗಳಲ್ಲಿ ಅವಳು ಎರಡು ಕಾರುಗಳ ನಡುವಿನ ಕೈಯಗಲ ಸಂದಿಯಲ್ಲಿ ಮೂರನೆಯದನ್ನು ಹಿಂದಿನಿಂದ ತಂದು ನಿಲ್ಲಿಸತೊಡಗಿದಳು. ನಾನು ನನ್ನ ಕಾರನ್ನು ಮನೆಯ ಗೇಟಿನಿಂದ ಹಿಂದಕ್ಕೆ ತೆಗೆಯಬೇಕಾದರೆ ಹೆಂಡತಿ ಬಲಕ್ಕೆ, ಪಕ್ಕದ ಮನೆಯವರು ಎಡಕ್ಕೆ ನಿಂತು ಕೂಗಬೇಕು. ಆದ್ದರಿಂದ ಈ ವಿದ್ಯೆಯ ಬೆಲೆ ನನಗೆ ಗೊತ್ತು.

ಲೈಸೆನ್ಸನ್ನೂ ತೆಗೆಸಿಕೊಂಡಳು. ಪರೀಕ್ಷೆಯ ದಿನ ಆರ್‌ಟಿಒ ಮೈದಾನದಲ್ಲಿ ಇವಳು ಮುಂದಕ್ಕೆ ಹೋಗಿ ಮುಟ್ಟುವಷ್ಟರಲ್ಲಿ ಅಲ್ಲಿನ ಸಾಹೇಬರು ಮೂರು ಫೈಲಿಗೆ ಸಹಿ ಹಾಕಿ ಮುಗಿಸಿದರಂತೆ. ಹಿಂದಕ್ಕೆ ಬಂದ ರೀತಿಗೆ ಪೆನ್ನು ಕೆಳಗಿಟ್ಟು ಎದ್ದು ನಿಂತರಂತೆ.

ಅಲ್ಲಿಗೆ ಎಲ್ಲವೂ ಸುಖವಾಗಿ ಸಾಗಬಹುದಿತ್ತು. ಆದರೆ ದೀಪಾವಳಿ ಮುಗಿಯುತ್ತಲೇ ಸುದ್ದಿ ಬಂತು: ಯಾರ್ಡು ಮುಂದಿನ ತಿಂಗಳು ಹುಬ್ಬಳ್ಳಿಯ ಕಡೆಗೆ ಹೋಗುತ್ತದೆ. ಬೆಳಗಾವಿಯಲ್ಲಿ ಉಳಿಯುವುದು ಗಿರಾಕಿಗಳ ಮನೆಗೆ ಕಾರು ಮುಟ್ಟಿಸುವ ಕೆಲಸ ಮಾತ್ರ. ಅದಕ್ಕೆ ಇಬ್ಬರು ಡೆಲಿವರಿ ಡ್ರೈವರು ಬೇಕು. ಒಬ್ಬ ಇದ್ದಾನೆ, ಇನ್ನೊಂದು ಜಾಗ ಖಾಲಿ. ಒರೆಸುವವರು, ಸರಿಸುವವರು ಹುಬ್ಬಳ್ಳಿಗೆ ಹೋಗಬೇಕು, ಇಲ್ಲವೇ ಮನೆಗೆ. ಮಾಯಕ್ಕನ ಮಟ್ಟಿಗೆ ಹುಬ್ಬಳ್ಳಿಯೂ ಮನೆಯೂ ಒಂದೇ ಅರ್ಥದ ಮಾತು.

ಅವಳು ಯಾರ್ಡಿನ ಇನ್‌ಚಾರ್ಜ್ ಓಂಕಾರನ ಮುಂದೆ ಹೋಗಿ ನಿಂತಳು. ಓಂಕಾರ ಇಪ್ಪತ್ತೆಂಟರ ಹುಡುಗ. ಎಂಟು ಎಕರೆಯ ಬಯಲಿನಲ್ಲಿ, ಕೂಗಿದರೆ ಕೇಳುವ ದೂರದವರೊಡನೆಯೂ ವಾಕಿಟಾಕಿಯಲ್ಲೇ ಮಾತಾಡುತ್ತಿದ್ದ.

“ಸಾಹೇಬ್ರ, ಆ ಜಾಗಾ ನನಗ ಕೊಡ್ರಿ.”

“ಮಾಯಕ್ಕಾ, ಯಾರ್ಡ್ ಬ್ಯಾರೆ, ರೋಡ್ ಬ್ಯಾರೆ. ರೋಡಿನ ಅನುಭವ ಬೇಕಾಗ್ತದ.”

“ರೋಡಿಗೆ ಬಿಟ್ರ ಅಲ್ಲೇನ್ರಿ ಅನುಭವ ಆಗೂದು?”

“ಅನುಭವ ಇಲ್ದಾರ್ನ ಹೆಂಗ ಬಿಡೂದು?”

ಈ ತರ್ಕದಿಂದಲೇ ನಮ್ಮ ದೇಶದಲ್ಲಿ ಎಷ್ಟೋ ಜಾಗಗಳು ಖಾಲಿ ಇವೆ. ತಿಂಗಳ ಕೊನೆಗೆ ಪುಣೆಯ ಕಡೆಯಿಂದ ಯಾರನ್ನೋ ಕರೆಸುವುದಾಗಿ ಓಂಕಾರ ಹೇಳಿದ. ಅಷ್ಟರಲ್ಲಿ ಬಸಲಿಂಗಪ್ಪನವರ ಕಾರು ಬಂತು.

ಬಸಲಿಂಗಪ್ಪನವರು ರವಿವಾರ ಪೇಟೆಯಲ್ಲಿ ಬೆಲ್ಲದ ದೊಡ್ಡ ವ್ಯಾಪಾರಿ, ನಮ್ಮ ಬೀದಿಯವರು, ಸಜ್ಜನರು. ದೋಷವೆಂದರೆ ಒಂದೇ, ತಾವು ಕೊಂಡದ್ದು ಇನ್ನೊಬ್ಬರು ಕೊಂಡದ್ದಕ್ಕಿಂತ ಒಂದು ಗುಲಗಂಜಿ ಹೆಚ್ಚಿರಬೇಕು. ಅವರ ಬೀಗರ ಹೊಸ ಕಾರು ಮನೆಗೆ ಬಂದಾಗ ಮೀಟರಿನಲ್ಲಿ ಹದಿನಾಲ್ಕು ಕಿಲೋಮೀಟರ್ ಇತ್ತು. ಅದನ್ನು ನೋಡಿ ಬಂದ ದಿನದಿಂದ ಇವರಿಗೆ ಸೊನ್ನೆ ಕಿಲೋಮೀಟರಿನ ಕಾರು ಬೇಕಾಯಿತು. ಕಾರ್ಖಾನೆಯ ಸುತ್ತು, ಟ್ರೇಲರು ಹತ್ತುವುದು, ಇಳಿಯುವುದು, ಇವಕ್ಕೇ ಏಳೆಂಟು ಕಿಲೋಮೀಟರ್ ಆಗುತ್ತದೆಂದು ಓಂಕಾರ ವಿವರಿಸಿದ. ಕೊನೆಗೆ ಅವರು ಒಂದಂಕಿಗೆ ಇಳಿದರು. ಒಂಬತ್ತು ದಾಟಬಾರದು, ದಾಟಿದರೆ ಕಾರು ವಾಪಸ್ಸು. ಕಾರಿನಲ್ಲಿ ಆಗಲೇ ಎಂಟಿತ್ತು.

ಕಾರು ಹೋಗಬೇಕಾದದ್ದು ಅವರ ಮೂಲ ಊರು ನಂದಗಡಕ್ಕೆ. ತಾಯಿ ಬಸವಣ್ಣೆವ್ವ ಮೊದಲು ಕೂರಬೇಕು, ಮಠದ ಅಜ್ಜಾರು ಆಶೀರ್ವಾದ ಮಾಡಬೇಕು, ಎಲ್ಲ ಬೆಳಿಗ್ಗೆ ಹನ್ನೊಂದೂವರೆಯೊಳಗೆ. ಬಸವಣ್ಣನವರನ್ನು ನಂಬಿದವರು ಮುಹೂರ್ತ ನೋಡುವಂತಿಲ್ಲ. ಆದ್ದರಿಂದ ಬಸಲಿಂಗಪ್ಪನವರು ಅದನ್ನು ಟೈಮಿಂಗ್ ಎನ್ನುತ್ತಾರೆ.

ಒಂದಂಕಿ ಉಳಿಯಬೇಕಾದರೆ ಲಾರಿಯ ಬೆನ್ನ ಮೇಲೇ ಹೋಗಬೇಕು. ಭರಮಣ್ಣನ ಲಾರಿಯನ್ನು ಗೊತ್ತುಮಾಡಿದರು. ಇಕ್ಕಟ್ಟಾದ ಓಣಿಯಲ್ಲಿ ಹಿಂದಕ್ಕೆ ಇಳಿಸಲು, ಇಳಿಸಿದ ಮೇಲೆ ಒರೆಸಲು ಮಾಯಕ್ಕ ಜೊತೆಗೆ.

ಲಾರಿ ಖಾನಾಪುರ ಊರು ದಾಟಿ ನಂದಗಡದ ರಸ್ತೆಗೆ ಹೊರಳಿದ್ದೇ ತಡ, ಒಮ್ಮೆ ಕೆಮ್ಮಿ ನಿಂತುಬಿಟ್ಟಿತು. ಭರಮಣ್ಣ ಇಳಿದು ಬಗ್ಗಿ ನೋಡಿ, ಬೀಡಿ ಹಚ್ಚಿದ. ಲಾರಿ ಡ್ರೈವರು ಬೀಡಿ ಹಚ್ಚಿದನೆಂದರೆ ರಿಪೇರಿ ಬೇಗ ಮುಗಿಯುವುದಲ್ಲ ಎಂದರ್ಥ. ಗಂಟೆ ಹತ್ತೂ ಕಾಲು.

ಮಾಯಕ್ಕ ಓಂಕಾರನಿಗೆ ಫೋನ್ ಹಚ್ಚಿದಳು. “ಯಾರೂ ಏನೂ ಮುಟ್ಟಬ್ಯಾಡ್ರಿ, ಬ್ಯಾರೆ ಲಾರಿ ಕಳಸ್ತೀನಿ. ಎರಡ ತಾಸು,” ಎಂದ ಓಂಕಾರ. ಇಪ್ಪತ್ತು ನಿಮಿಷದ ಮೇಲೆ ಅವನೇ ಫೋನ್ ಮಾಡಿದ. ನಡುವೆ ಬಸಲಿಂಗಪ್ಪನವರು ಅವನೊಡನೆ ಮಾತಾಡಿದ್ದರೆಂಬುದು ಅವನ ದನಿಯಿಂದಲೇ ತಿಳಿಯುತ್ತಿತ್ತು.

“ಹನ್ನೊಂದೂವರಿ ದಾಟಿದ್ರ ಕಾರ್ ಬ್ಯಾಡ ಅನ್ನಾಕತ್ತಾರ. ಭರಮಣ್ಣ ಕಾರ್ ಒಯ್ತಾನೇನ ಕೇಳ್ರಿ.”

ಭರಮಣ್ಣ ಆಗಲೇ ಲಾರಿಯ ಮೇಲೆ ಹತ್ತಿ ಕಾರಿನೊಳಗೆ ಕುಳಿತು ನೋಡಿ ಇಳಿದಿದ್ದ. “ಚಾಲೂ ಆತೋ ಇಲ್ಲೋ ಅನ್ನೂದ ತಿಳೀವಲ್ದು. ಸಪ್ಪಳಿಲ್ಲದ್ದನ್ನ ನಾ ಹೊಡ್ಯಾಂವಲ್ಲ. ಹೆಣಾ ಹೊತ್ತಂಗಾಕ್ಕೈತಿ.”

ಮಾಯಕ್ಕ ಅದನ್ನು ಹಾಗೆಯೇ ಫೋನಿಗೆ ಒಪ್ಪಿಸಿದಳು. ಆಮೇಲೆ ಓಂಕಾರ ದನಿ ತಗ್ಗಿಸಿ, “ಮಾಯಕ್ಕಾ, ಲೈಸೆನ್ಸ್ ನಿಮ್ಮ ಹಂತೇಕ ಐತಿಲ್ಲ?” ಎಂದ.

“ಐತ್ರಿ.”

“ಹಂಗಾರ ನೀವ ಒಯ್ರಿ. ಆದ್ರ ಏನರ ಆದ್ರ, ನಾ ಹೇಳಿಲ್ಲ.”

“ಎಂಟ ಐತ್ರಿ ಮೀಟರ್. ಅಲ್ಲಿಗಿ ಹೋಗೂದ್ರಾಗ ಇಪ್ಪತ್ತ ಆಗ್ತೈತಿ.”

“ಟೈಮಿಂಗ್ ತಪ್ಪಿದ್ರೂ ಬೈಸ್ಕೊಳ್ಳೂದ, ಮೀಟರ್ ಏರಿದ್ರೂ ಬೈಸ್ಕೊಳ್ಳೂದ. ನೀವ ಯಾವುದರ ಒಂದ ಆರಿಸ್ರಿ.”

ಹೀಗೆ ಆರಿಸುವ ಅಧಿಕಾರವನ್ನು ದೊಡ್ಡವರು ನಮಗೆ ಯಾವಾಗ ಬಿಟ್ಟುಕೊಡುತ್ತಾರೆಂಬುದು ಎಲ್ಲ ನೌಕರರಿಗೂ ತಿಳಿದದ್ದೇ. ಮಾಯಕ್ಕ ಹಲಗೆ ಹಾಕಿಸಿ ಕಾರನ್ನು ಹಿಂದಕ್ಕೆ ಇಳಿಸಿದಳು. ಅದು ಅವಳಿಗೆ ಊಟದಷ್ಟೇ ರೂಢಿಯ ಕೆಲಸ. ಇಳಿಸಿದ ಮೇಲೆ ಮುಂದೆ ನೋಡಿದರೆ ರಸ್ತೆ. ಅದು ಎಲ್ಲಿಯೂ ಮುಗಿಯಲಿಲ್ಲ.

ಅವಳ ಕಾಲಿಗೆ ಹತ್ತು ಮಾತ್ರ ಗೊತ್ತಿತ್ತು. ಹಿಂದೆ ಬಂದ ಬಸ್ಸು ಹಾರನ್ನು ಹೊಡೆದು ಹೊಡೆದು ದಾಟಿಹೋಯಿತು. ಹುಲ್ಲು ಹೇರಿದ ಟ್ರ್ಯಾಕ್ಟರು ದಾಟಿತು. ಸೈಕಲ್ಲಿನ ಮೇಲೆ ಹಾಲಿನ ಕ್ಯಾನು ಕಟ್ಟಿಕೊಂಡಿದ್ದ ಮುದುಕನೊಬ್ಬ ಪಕ್ಕಕ್ಕೆ ಬಂದು, ಅದೇ ವೇಗದಲ್ಲಿ ತುಳಿಯುತ್ತ ಕಿಟಕಿಯಲ್ಲಿ ಇಣುಕಿದ.

“ಕೆಟ್ಟೈತೇನ್ ತಂಗಿ?”

“ಇಲ್ಲಪ್ಪಾ, ಹೊಸಾದೈತಿ.”

“ಹೊಸಾದರ ಯಾಕ ಅಂಜ್ತೀ? ಹಳೇದಾದ ಮ್ಯಾಲೆ ಅಂಜಬೇಕು,” ಎಂದು ಅವನೂ ಮುಂದೆ ಹೋದ.

ಆ ಮಾತಿಗೋ ಏನೋ, ಕಾಲು ಸ್ವಲ್ಪ ಒತ್ತಿತು. ಹದಿನೈದು, ಇಪ್ಪತ್ತು, ಇಪ್ಪತ್ತೈದು. ಎರಡೂ ಕಡೆ ಕೊಯ್ಲಿಗೆ ಬಂದ ಭತ್ತ. ನಾಲ್ಕು ವರ್ಷದಿಂದ ಅವಳು ಕಾರಿನ ಗಾಜು ಒರೆಸುತ್ತಿದ್ದಳು; ಒಂದು ಬೆರಳಿನ ಗುರುತೂ ಉಳಿಯದಂತೆ ಗಾಜನ್ನೇ ನೋಡುತ್ತಿದ್ದಳು. ಗಾಜು ಇರುವುದು ಅದರಾಚೆ ನೋಡುವುದಕ್ಕೆಂದು ಅವಳಿಗೆ ಅಂದು ಹೊಳೆಯಿತಂತೆ. ಇದನ್ನು ಅವಳು ನನಗೆ ಹೇಳುವಾಗ ತಾನೇ ನಾಚಿಕೊಂಡು, “ಹುಚ್ಚರ ಮಾತ್ರಿ” ಎಂದಳು. ನನಗೆ ಹಾಗನ್ನಿಸಲಿಲ್ಲ. ಸಾವಿರಾರು ಜನರ ಪ್ರಯಾಣವನ್ನು ಅಣಿಮಾಡಿ ಕೊಟ್ಟು, ತಾವು ಗೇಟಿನ ಒಳಗೇ ಉಳಿಯುವವರು ನಮ್ಮಲ್ಲಿ ಎಷ್ಟು ಮಂದಿ. ಬಾಣಂತನ ಮಾಡುವವರು, ಪಾಸ್‌ಪೋರ್ಟಿಗೆ ಮುದ್ರೆ ಒತ್ತುವವರು, ಮಕ್ಕಳಿಗೆ ಭೂಗೋಳ ಕಲಿಸುವ ನನ್ನಂಥ ಮೇಷ್ಟ್ರು.

ಹನ್ನೊಂದು ಇಪ್ಪತ್ತೆರಡಕ್ಕೆ ಕಾರು ನಂದಗಡದ ಓಣಿಯಲ್ಲಿ ನಿಂತಿತು. ಮನೆಯ ಮುಂದೆ ಪೆಂಡಾಲು, ಓಣಿಯ ಮಂದಿ, ಕುರ್ಚಿಯಲ್ಲಿ ಅಜ್ಜಾರು, ಕಟ್ಟೆಯ ಮೇಲೆ ಬಸವಣ್ಣೆವ್ವ. ಬಸಲಿಂಗಪ್ಪನವರು ಹೊದ್ದ ಶಾಲು ಸರಿಮಾಡಿಕೊಂಡು, ಯಾರಿಗೂ ನಮಸ್ಕಾರ ಮಾಡದೆ, ನೇರವಾಗಿ ಕಾರಿನೊಳಗೆ ತಲೆ ತೂರಿಸಿದರು.

“ಇಪ್ಪತ್ತು,” ಎಂದರು. ದನಿಯಲ್ಲಿ ಸಿಟ್ಟಿಗಿಂತ ದುಃಖವೇ ಹೆಚ್ಚಿತ್ತು.

“ಲಾರಿ ಕೆಟ್ಟತ್ರಿ ಸಾವಕಾರ್ರ, ಖಾನಾಪುರದಾಗ. ಟೈಮಿಂಗ್ ತಪ್ಪಬಾರ್ದಂತ—”

“ನೀ ಯಾರವಾ?”

“ಯಾರ್ಡಿನ್ಯಾಕಿ ರೀ. ಕಾರ್ ಒರಸ್ತೀನಿ.”

ಕಾರು ಒರೆಸುವವಳು ಹನ್ನೆರಡು ಕಿಲೋಮೀಟರ್ ಓಡಿಸಿದ ಕಾರು. ಬಸಲಿಂಗಪ್ಪನವರು ಫೋನು ತೆಗೆದು ಎಲ್ಲರಿಗೂ ಕೇಳುವ ದನಿಯಲ್ಲಿ ಓಂಕಾರನನ್ನು ತರಾಟೆಗೆ ತೆಗೆದುಕೊಂಡರು. “ಸೆಕೆಂಡ್ ಹ್ಯಾಂಡ್ ಕೊಟ್ಟೀರಿ ನನಗ. ಬರದ ಕಳಸ್ತೀನಿ ನಿಮ್ಮ ಮ್ಯಾಲಿನವ್ರಿಗಿ. ಈಕಿನ್ನ ಬಿಟ್ಟಾರ್ಯಾರು ರೋಡಿಗಿ?”

ಫೋನಿನಾಚೆ ಓಂಕಾರ ಏನೆಂದನೋ ಕೇಳಿಸಲಿಲ್ಲ. ಬಹುಶಃ ತಾನು ಹೇಳಿಲ್ಲ ಎಂದಿರಬೇಕು. ಮಾಯಕ್ಕ ಸೊಂಟದ ಬಟ್ಟೆ ತೆಗೆದು ಬಾನೆಟ್ಟಿನ ಧೂಳು ಒರೆಸತೊಡಗಿದಳು. ಜಾಗ ಕೈತಪ್ಪಿತೆಂದು ಅವಳಿಗೆ ಖಚಿತವಾಗಿತ್ತು. ಕೈ ಸುಮ್ಮನಿದ್ದರೆ ಕಣ್ಣೀರು ಬರುತ್ತದೆಂದು ಒರೆಸುತ್ತಿದ್ದಳು.

ಕಟ್ಟೆಯ ಮೇಲಿನಿಂದ ಬಸವಣ್ಣೆವ್ವ ಕೇಳಿದಳು. “ಯವ್ವಾ, ಹೆಂಗ ತಂದೀ ಇದನ್ನ?”

“ಖಾನಾಪುರದ ತನಾ ಲಾರ್ಯಾಗ್ರಿ ಅವ್ವಾರ. ಅಲ್ಲಿಂದ ನಡಸ್ಕೊಂಡ ಬಂದೆ.”

“ನಡಸ್ಕೊಂಡ ಬಂದಿ?” ಮುದುಕಿ ಮಗನ ಕಡೆ ತಿರುಗಿದಳು. “ಮತ್ಯಾಕ ಒದರ್ತೀಯೋ ಬಸಲಿಂಗಾ? ನಿಮ್ಮಪ್ಪ ಸಂತ್ಯಾಗ ಎತ್ತ ಕೊಂಡ್ರ ಗಾಡ್ಯಾಗ ಹೇರ್ಕೊಂಡ ಬರತಿದ್ನೇನು? ಮುಂದ ನಿಂತ ನಡಸ್ಕೊಂಡ ಬರಾಂವ. ದಾರ್ಯಾಗ ಮಂದಿ ಅದರ ನಡಿಗಿ ನೋಡ್ಬೇಕು. ಹೇರ್ಕೊಂಡ ತಂದ್ರ ಊರಾನ ಮಂದಿ ಏನ ಅಂತಿದ್ರು, ಗೊತ್ತೈತಿಲ್ಲ?”

“ಕುಂಟ ಅಂತಿದ್ರು,” ಎಂದ ಪಕ್ಕದ ಮನೆಯ ತಮ್ಮಣ್ಣ. ಓಣಿ ನಕ್ಕಿತು. ಅಜ್ಜಾರೂ ಗಡ್ಡದೊಳಗೆ ನಕ್ಕರು. ತಮ್ಮಣ್ಣ ಅಷ್ಟಕ್ಕೆ ಬಿಡದೆ, “ನಿಮ್ಮ ಬೀಗರ ಕಾರ್ ಲಾರ್ಯಾಗ ಬಂದಿತ್ತಲ್ರಿ ಸಾವಕಾರ್ರ?” ಎಂದು ಸೇರಿಸಿದ.

ಬಸಲಿಂಗಪ್ಪನವರು ಫೋನನ್ನು ಕಿವಿಗೆ ಹಿಡಿದೇ ನಿಂತಿದ್ದರು. ಬೆಲ್ಲದ ದರ ಬೆಳಿಗ್ಗೆ ಒಂದು, ಮಧ್ಯಾಹ್ನ ಒಂದು ಆಗುವುದನ್ನು ಮೂವತ್ತು ವರ್ಷ ನೋಡಿದ ಮನುಷ್ಯ. ಅರ್ಧ ನಿಮಿಷದಲ್ಲಿ ಅವರ ಮುಖ ತಿಳಿಯಾಯಿತು.

“ಏನಿಲ್ಲ ಓಂಕಾರ,” ಎಂದರು. “ನಡಸ್ಕೊಂಡ ಬಂದಾರ ಅಂತ ಹೇಳಾಕ ಫೋನ್ ಮಾಡಿದ್ದೆ. ಚಲೋ ಆತು. ಈ ಹೆಣ್ಣಮಗಳದ ಕೈ ಸಾವಕಾಶ ಐತಿ.”

ವಾರದೊಳಗೆ ಮಹಾಂತೇಶ ನಗರದ ವಾಕಿಂಗಿನಲ್ಲಿ ಕಥೆ ಪಕ್ಕಾ ಆಗಿತ್ತು. ಲಾರಿಯಲ್ಲಿ ಬೇಡವೇ ಬೇಡ ಎಂದು ಬಸಲಿಂಗಪ್ಪನವರೇ ಹಟ ಹಿಡಿದಿದ್ದರಂತೆ. ನಡೆಸಿಕೊಂಡು ತಂದರೆ ಬ್ಯಾಟರಿಗೆ ಊರಿನ ಗಾಳಿ ಒಗ್ಗುತ್ತದೆ. ಇದು ಹಿರಿಯರಿಗೆ ತಿಳಿದಿದ್ದ ವಿಜ್ಞಾನ. ನಾನು ತಲೆಯಾಡಿಸಿದೆ. ನಂದಗಡದಿಂದ ಇಬ್ಬರು, ಅದರಾಚೆಯ ಬೀಡಿ ಎಂಬ ಊರಿನಿಂದ ಒಬ್ಬ ಗಿರಾಕಿ ಶೋರೂಮಿಗೆ ಬಂದು, ಕಾರು ನಡೆಸಿಕೊಂಡೇ ಬರಬೇಕು, ಅದೂ ಆ ಸಾವಕಾಶ ಕೈಯ ಹೆಣ್ಣುಮಗಳೇ ತರಬೇಕು ಎಂದರು. ಓಂಕಾರ ಮೇಲಿನವರಿಗೆ ವರದಿ ಬರೆದ. ಗಿರಾಕಿಗಳ ಸಂಸ್ಕೃತಿಯನ್ನು ಗಮನಿಸಿ ತಾನು ರೂಪಿಸಿದ ಯೋಜನೆಯಂತೆ ಅದು. ಅದರ ಕೊನೆಯ ಸಾಲಿನಲ್ಲಿ, ಖಾಲಿ ಇದ್ದ ಡೆಲಿವರಿ ಡ್ರೈವರಿನ ಜಾಗಕ್ಕೆ ಮಾಯಕ್ಕನ ಹೆಸರಿತ್ತು.

ಯಾರ್ಡು ಹುಬ್ಬಳ್ಳಿಗೆ ಹೋಯಿತು. ಮಾಯಕ್ಕ ಬೆಳಗಾವಿಯಲ್ಲಿ ಉಳಿದಳು. ಈಗ ಅವಳ ಕಾಲಿಗೆ ನಲವತ್ತರವರೆಗೆ ಗೊತ್ತು. ಓಂಕಾರನಿಗೆ ಹೊಸ ಚಿಂತೆ: ಒಂದು ತಾಸಿನ ಡೆಲಿವರಿಗೆ ಮೂರು ತಾಸು ಹಿಡಿಯುತ್ತದೆ. ಮೊನ್ನೆ ಬೀಡಿಗೆ ಹೋದಾಗಲೂ ಫೋನ್ ಮಾಡಿ ಗದರಿದನಂತೆ.

“ಮಾಯಕ್ಕಾ, ಎಲ್ಲದೀರಿ? ಕಾರ್ ಮುಟ್ಟಿ ಎಷ್ಟ ಹೊತ್ತಾತು?”

“ಮುಟ್ಟಿ ಭಾಳ ಹೊತ್ತಾತ್ರಿ ಸಾಹೇಬ್ರ. ನಡಸ್ಕೊಂಡ ತಂದಾರ್ನ ಉಣಿಸದ ಕಳಸಂಗಿಲ್ಲಂತ. ಹೋಳಗಿ ಆತು, ಅನ್ನ ಇನ್ನೂ ಬರಬೇಕು.”