ಅರ್ಧ ಕೆಲಸದ ಕಾವಲುಗಾರ್ತಿ ನೇನಿತಾ

ಬೆಳಗ್ಗೆ ಐದೂವರೆ. ಫಿಲಿಪ್ಪೀನ್ಸಿನ ಸೆಬು ಬಂದರಿನ ಹಿಂದಿನ ಬೀದಿ, ಎರಡನೇ ಮಹಡಿ. ಸಿಕ್ವಾತೆ ಎಂಬ ಬಿಸಿ ಕೋಕೋ ಪಾನೀಯ ಗುಟುಕರಿಸುತ್ತ ನೇನಿತಾ ಅಬೆಲ್ಯಾನೋಸಾ ಆಗಲೇ ಪರದೆಯ ಮುಂದೆ ಕೂತಿದ್ದಾರೆ. ದ್ವೀಪದಿಂದ ದ್ವೀಪಕ್ಕೆ ಓಡುವ ಹಡಗುಗಳ ಟಿಕೆಟ್ ಸಾಫ್ಟ್‌ವೇರ್ ಬರೆಯುವ ಸಣ್ಣ ಕಂಪನಿ ಇದು. ಹದಿನಾಲ್ಕು ಮಂದಿ ಬರೆಯುತ್ತಾರೆ. ಅವರು ಅರ್ಧಕ್ಕೆ ಬಿಟ್ಟದ್ದನ್ನೆಲ್ಲ ಕಾಯುವವರು ನೇನಿತಾ ಒಬ್ಬರೇ.

ಒಂದು ಕೆಲಸದ ನಡುವೆ ಇನ್ನೊಂದು ತುರ್ತು ಕೆಲಸ ಬಂದರೆ, ಕೋಡ್ ಕಾಯ್ದಿಡುವ ಗಿಟ್ ಎಂಬ ವ್ಯವಸ್ಥೆಯಲ್ಲಿ ಅರ್ಧ ಬರೆದದ್ದನ್ನು ಪಕ್ಕಕ್ಕೆ ಎತ್ತಿಡಬಹುದು. ಅದಕ್ಕೆ ಸ್ಟ್ಯಾಶ್ ಎನ್ನುತ್ತಾರೆ; ನೇನಿತಾ ಬಾಯಲ್ಲಿ ಅದು ಗಂಟು. ತೊಂದರೆಯೆಂದರೆ ಅದು ಎಲ್ಲರ ಸರ್ವರ್‌ಗೆ ಹೋಗುವುದಿಲ್ಲ, ಬರೆದವರ ಲ್ಯಾಪ್‌ಟಾಪ್‌ನಲ್ಲೇ ಉಳಿಯುತ್ತದೆ. ಎತ್ತಿಟ್ಟವರು ಮರೆತರೆ ಮುಗಿಯಿತು.

"ಹೆಸರೂ ಇಡಲ್ಲ ಮಹಾರಾಯರು! ಒಬ್ಬಳ ಲ್ಯಾಪ್‌ಟಾಪ್‌ನಲ್ಲೇ ಹನ್ನೊಂದು ಗಂಟು, ಹನ್ನೊಂದಕ್ಕೂ ಒಂದೇ ಚೀಟಿ. ಯಾವುದರಲ್ಲಿ ಏನಿದೆ ಅಂತ ದೇವರನ್ನೇ ಕೇಳ್ಬೇಕು" ಎಂದು ನೇನಿತಾ ನಗುತ್ತಾರೆ. ಈಗ ಇಲ್ಲೊಂದು ಕಟ್ಟಳೆಯಿದೆ. ಎತ್ತಿಟ್ಟದ್ದಕ್ಕೆ ಹೆಸರಿರಬೇಕು, ಯಾಕೆ ನಿಲ್ಲಿಸಿದಿರಿ ಎಂಬ ಒಂದು ಸಾಲಿರಬೇಕು. ಏಳು ದಿನ ದಾಟಿದರೆ ನೇನಿತಾ ಅದನ್ನು ಬೇರೆ ಬ್ರಾಂಚ್, ಅಂದರೆ ಕೋಡಿನ ಪ್ರತ್ಯೇಕ ಕವಲು, ಮಾಡಿಸಿ ಬರೆದವರ ಹೆಸರಲ್ಲೇ ಸರ್ವರ್‌ಗೆ ಕಳಿಸುತ್ತಾರೆ. ವಾರಕ್ಕೆ ಮೂವತ್ತಾದರೂ ಆಗುತ್ತವೆ. ಸಂಬಳದ ಚೀಟಿಯಲ್ಲಿ ಮಾತ್ರ ಅವರಿನ್ನೂ "ಸಹಾಯಕ ಪರೀಕ್ಷಕಿ". ಈ ಕೆಲಸಕ್ಕೆ ಹೆಸರೇ ಇಲ್ಲ. ಅವರ ಬಗ್ಗೆ ಬರೆಯಲು ಬಂದ ನನಗಂತೂ ಇದು ಮೈ ಉರಿಸುತ್ತದೆ.

ಕಳೆದ ಮಾರ್ಚಿನಲ್ಲಿ ಹೊಸ ಲ್ಯಾಪ್‌ಟಾಪ್‌ಗಳು ಬಂದವು. ಹಳೆಯವನ್ನೆಲ್ಲ ಶುಕ್ರವಾರ ಮಧ್ಯಾಹ್ನದೊಳಗೆ ಅಳಿಸಿ ವಾಪಸು ಕೊಡಿ ಎಂದು ಆಜ್ಞೆಯಾಯಿತು. ಹೆರಿಗೆ ರಜೆಯಲ್ಲಿದ್ದ ಜೊವೆಲಿನ್‌ಳ ಲ್ಯಾಪ್‌ಟಾಪ್ ತೆರೆದಾಗಲೇ ನೇನಿತಾಗೆ ಆ ಹನ್ನೊಂದು ಗಂಟು ಸಿಕ್ಕಿದ್ದು. ಏಳನೆಯದನ್ನು ಬಿಚ್ಚಿದರೆ, ಪ್ರಯಾಣಿಕರ ಪಟ್ಟಿಯ ಕೆಲಸ. ಮಡಿಲಲ್ಲಿ ಕೂರುವ ಕೂಸುಗಳಿಗೆ ಟಿಕೆಟ್ ಇಲ್ಲ. ಟಿಕೆಟ್ ಇಲ್ಲದವರು ಆಗ ಈ ಸಾಫ್ಟ್‌ವೇರಿನ ಪಟ್ಟಿಯಲ್ಲೂ ಇರಲಿಲ್ಲ. ಹಡಗು ಮುಳುಗಿದರೆ ಆ ಕೂಸುಗಳನ್ನು ಹುಡುಕುವವರೇ ಇರುವುದಿಲ್ಲ. ಅದನ್ನು ಸರಿಮಾಡಲು ಹೊರಟಿದ್ದಳು ಜೊವೆಲಿನ್.

ಆದರೆ ಬಿಚ್ಚಿದ ಕೋಡ್ ಓಡಲಿಲ್ಲ. ನೇನಿತಾ ಫೋನ್ ಮಾಡಿದರು.

"ಆತೆ, ಒಂದು ಹೊಸ ಫೈಲ್ ಮಾಡಿದ್ದೆ. ಅದೂ ಗಂಟಿನೊಳಗೆ ಹೋಗಿದೆ ಅಂದ್ಕೊಂಡೆ" ಎಂದಳು ಜೊವೆಲಿನ್, ಮಗುವಿನ ಅಳುವಿನ ನಡುವೆ. ಆತೆ ಅಂದರೆ ಅಲ್ಲಿ ಅಕ್ಕ.

"ಹೊಸ ಫೈಲನ್ನ ಸ್ಟ್ಯಾಶ್ ತಾನಾಗೇ ಒಳಗೆ ಹಾಕ್ಕೊಳ್ಳಲ್ಲ ಕಣೇ! ಹೇಳಿ ಹಾಕಿಸ್ಬೇಕು. ಎಲ್ಲೋ ಹೊರಗೇ ಬಿದ್ದಿರುತ್ತೆ, ಹುಡುಕ್ತೀನಿ."

ಅಷ್ಟರಲ್ಲಿ ಮ್ಯಾನೇಜರ್ ರುಫೋ ಬಂದು ಕೈಚಾಚಿದರು. "ಮುಗಿಯದ್ದು ಅಂದ್ರೆ ಕಸ, ನೇನಿ. ಕೊಡು ಇತ್ಲಾಗೆ."

ನೇನಿತಾ ಲ್ಯಾಪ್‌ಟಾಪನ್ನು ಮಡಿಲಿಗೆಳೆದುಕೊಂಡರು. "ಕೊಡಲ್ಲ ಸರ್."

"ಇದು ಹಠ."

"ಹೌದು, ಹಠಾನೇ. ನೋಟಿಸ್ ಕೊಡಿ, ಸಹಿ ಹಾಕ್ತೀನಿ. ಇದನ್ನ ಮಾತ್ರ ಕೊಡಲ್ಲ."

ಜಪ್ಪಯ್ಯ ಅಂದರೂ ಕದಲಲಿಲ್ಲ. ಸಂಜೆ ನಾಲ್ಕಕ್ಕೆ ಫೈಲ್ ಸಿಕ್ಕಿತು. ಎಲ್ಲವೂ ಜೊವೆಲಿನ್ ಹೆಸರಲ್ಲೇ ಸರ್ವರ್ ಸೇರಿತು. ಆಮೇಲಷ್ಟೇ ಲ್ಯಾಪ್‌ಟಾಪ್ ಕೈಬದಲಾಯಿತು, ಆಜ್ಞೆ ಮೀರಿದ್ದಕ್ಕೆ ನೋಟಿಸೂ ಬಂತು.

ರಜೆ ಮುಗಿಸಿ ಬಂದ ಜೊವೆಲಿನ್ ಆ ಕೆಲಸವನ್ನು ಪೂರ್ತಿ ಮಾಡಿದ್ದಾಳೆ. ತಪ್ಪಾಯಿತೆಂದು ಒಂದು ಸಾಲು ಬರೆದರೆ ನೋಟಿಸ್ ಹರಿದುಹಾಕುತ್ತೇನೆ ಎಂದು ರುಫೋ ಈಗಲೂ ಹೇಳುತ್ತಿರುತ್ತಾರೆ. ಬರೆಯುತ್ತೀರಾ ಎಂದು ನಾನು ಕೇಳುತ್ತೇನೆ. ನೇನಿತಾ ಪರದೆಯನ್ನು ನನ್ನತ್ತ ತಿರುಗಿಸುತ್ತಾರೆ. ಬೊಹೋಲ್ ದ್ವೀಪಕ್ಕೆ ಹೊರಟ ಬೆಳಗಿನ ಹಡಗು: ಪ್ರಯಾಣಿಕರು ಇನ್ನೂರ ಹನ್ನೆರಡು, ಕೂಸುಗಳು ಒಂಬತ್ತು.

"ಕೂಸುಗಳು ಹೋದ ವರ್ಷಾನೂ ಇದೇ ಹಡಗು ಹತ್ತುತ್ತಿದ್ವು, ಪಟ್ಟೀಲಿ ಮಾತ್ರ ಇರ್ಲಿಲ್ಲ" ಎನ್ನುತ್ತಾರೆ. "ತಪ್ಪಾಯ್ತು ಅಂತ ಬರೀಬೇಕಾದ್ದು ನಾನಾ?"